ಮರೆವಿನ ಬೆನ್ನಿಗೆ ಬರುವ ಸಂಕಟ

ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಉಡಿಗಾಲದಂಥ ಊರಿನಲ್ಲಿ ಎಂಬತ್ತೈದು ದಾಟಿದ ಜೀವವೊಂದು ಮಾತು ಕಡಿಮೆ ಮಾಡಿ, ಮುದ್ದೆಯನ್ನು ಅರ್ಧಕ್ಕೇ ಬಿಟ್ಟು, ಜಗಲಿಗೂ ಬಾರದೆ ಮೂಲೆ ಹಿಡಿದರೆ ಅದನ್ನು ಯಾರೂ ಕಾಯಿಲೆ ಎಂದುಕೊಳ್ಳುವುದಿಲ್ಲ. ಇಟ್ಟ ವಸ್ತು ಮರೆತರೂ, ಮೊಮ್ಮಗನನ್ನು ಮಗನ ಹೆಸರಿನಿಂದ ಕರೆದರೂ ಅಷ್ಟೇ. ಅರವತ್ತಕ್ಕೆ ಅರಳುಮರಳು ಎಂದು ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತೇವೆ. ಆದರೆ ಮರೆವು ಬೇರೆ, ಖಿನ್ನತೆ ಬೇರೆ. ತೀರಾ ಇಳಿವಯಸ್ಸಿನಲ್ಲಿ ಎಷ್ಟೋ ಸಲ ಮರೆವೇ ಮುಂದೆ ಬಂದು ಖಿನ್ನತೆಯನ್ನು ಕರೆತರುತ್ತದೆ. ಮರೆವನ್ನು ವಾಸಿ ಮಾಡಲಾಗದಿದ್ದರೂ ಅದರ ಬೆನ್ನಿಗೆ ಬಂದ ಸಂಕಟವನ್ನು ಇಳಿಸಬಹುದು. ಇದನ್ನು ಒಪ್ಪಿಕೊಂಡರೆ ಹಿರಿಯರನ್ನು ನೋಡಿಕೊಳ್ಳುವ ನಮ್ಮ ರೀತಿಯೇ ಬದಲಾಗಬೇಕಾಗುತ್ತದೆ.

ಎರಡರಲ್ಲಿ ಯಾವುದು ಮೊದಲು ಎಂಬುದನ್ನು ನೆದರ್ಲೆಂಡ್ಸ್‌ನ ಲೈಡನ್ ಊರಿನ ಸಂಶೋಧಕರು ತಾಳ್ಮೆಯಿಂದ ಹುಡುಕಿದರು. 85 ತುಂಬಿದ 500 ಮಂದಿಯನ್ನು ಪ್ರತಿ ವರ್ಷ, 89ರ ವಯಸ್ಸಿನವರೆಗೆ ಪರೀಕ್ಷಿಸಿ, 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಮೊದಲೇ ಖಿನ್ನರಾಗಿದ್ದವರ ನೆನಪು, ಗಮನಗಳು ಉಳಿದವರಿಗಿಂತ ಬೇಗ ಕುಸಿಯಲಿಲ್ಲ. ಆದರೆ ಮೊದಲೇ ನೆನಪು, ಗಮನ ಕುಂದಿದ್ದವರಲ್ಲಿ ಖಿನ್ನತೆಯ ಲಕ್ಷಣಗಳು ವರ್ಷದಿಂದ ವರ್ಷಕ್ಕೆ ಬೇಗ ಏರಿದವು. ಇದಕ್ಕೆ ಒಂದು ಕಾರಣ ಊಹಿಸುವುದು ಕಷ್ಟವಲ್ಲ. ಮರೆಯುತ್ತಿರುವ ಮನುಷ್ಯನಿಗೆ ತಾನು ಮರೆಯುತ್ತಿದ್ದೇನೆ ಎಂಬ ಅರಿವು, ಕನಿಷ್ಠ ಆರಂಭದಲ್ಲಿ, ಇರುತ್ತದೆ. ಅರಿಶಿನದ ಲೆಕ್ಕ, ಸಾಲದ ಲೆಕ್ಕ, ನೆಂಟರ ಮದುವೆಯ ಮಾತುಕತೆ ಎಲ್ಲ ನೋಡಿಕೊಳ್ಳುತ್ತಿದ್ದವರಿಗೆ ಎರಡು ಸಲ ತಪ್ಪಿದರೆ ಮೂರನೆಯ ಸಲ ಯಾರೂ ಕೇಳಲು ಬರುವುದಿಲ್ಲ. ಆ ಹೊಣೆ ಕಿತ್ತುಕೊಂಡವರಿಗೆ ಅದು ಕಾಳಜಿ. ಕಳೆದುಕೊಂಡವರಿಗೆ ಅದು ಮನೆಯೊಳಗಿನ ತಮ್ಮ ಜಾಗ. ಬೇಸರ ಹುಟ್ಟದಿದ್ದರೇ ಆಶ್ಚರ್ಯ.

ಖಿನ್ನತೆಯೇ ಮರೆಗುಳಿತನಕ್ಕೆ ಕಾರಣವೆಂದು ವೈದ್ಯರೇ ಹೇಳುತ್ತಾರಲ್ಲ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಮಾತೇ. 2024ರ ಲ್ಯಾನ್ಸೆಟ್ ಆಯೋಗದ ವರದಿ ಡಿಮೆನ್ಷಿಯಾದ, ಅಂದರೆ ಮರೆಗುಳಿತನದ ಕಾಯಿಲೆಯ, ಸಾಧ್ಯತೆ ಹೆಚ್ಚಿಸುವ, ಆದರೆ ತಡೆಯಬಹುದಾದ 14 ಅಂಶಗಳಲ್ಲಿ ಖಿನ್ನತೆಯನ್ನೂ ಸೇರಿಸಿದೆ. ಇಲ್ಲಿ ವಯಸ್ಸನ್ನು ಗಮನಿಸಬೇಕು. ಬ್ರಿಟನ್ನಿನ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು 28 ವರ್ಷ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದ 2017ರ ವರದಿಯಲ್ಲಿ, ನಡುವಯಸ್ಸಿನ ಆರಂಭದಲ್ಲಿ ಖಿನ್ನತೆಯಿದ್ದವರಿಗೆ ಡಿಮೆನ್ಷಿಯಾ ಹೆಚ್ಚಾಗಿ ಬರಲಿಲ್ಲ. ಡಿಮೆನ್ಷಿಯಾ ಪತ್ತೆಯಾಗುವ ಸುಮಾರು ಹತ್ತು ವರ್ಷ ಮೊದಲಿನಿಂದ ಖಿನ್ನತೆಯ ಲಕ್ಷಣಗಳು ಏರತೊಡಗಿದ್ದವು. ಮಿದುಳಿನಲ್ಲಿ ಸದ್ದಿಲ್ಲದೆ ಶುರುವಾದ ಬದಲಾವಣೆಯೇ ಮೊದಲು ಮನಸ್ಸಿನ ಮಂಕಾಗಿ ಕಾಣಿಸಿಕೊಂಡಿರಬಹುದು. ಎರಡು ವಾದಗಳಲ್ಲಿ ಯಾವುದನ್ನು ಹಿಡಿದರೂ, ಮುದುಕರ ಬೇಸರವನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಕೈತೊಳೆಯಲು ಬರುವುದಿಲ್ಲ.

ಲೈಡನ್‌ನ ಮಾತು ಉಡಿಗಾಲಕ್ಕೆ ಹೇಗೆ ಹೊಂದೀತು, ನಮ್ಮಲ್ಲಿ ಮನೆ ತುಂಬ ಜನರಿರುತ್ತಾರಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮನೆಯಲ್ಲಿ ಜನ ಇರುವುದು, ಅವರು ಮಾತಾಡಿಸುವುದು ಒಂದೇ ಅಲ್ಲ. ಮಕ್ಕಳು ಮೈಸೂರು, ತಿರುಪ್ಪೂರು, ಕೇರಳದ ಕೆಲಸಗಳಿಗೆ ಹೋದ ಮನೆಗಳಲ್ಲಿ ಹಗಲೆಲ್ಲ ಉಳಿಯುವುದು ಮುದಿಜೀವಗಳೇ. ದೇಶದಾದ್ಯಂತ ನಡೆದ ಲಾಸಿ-ಡ್ಯಾಡ್ ಸಮೀಕ್ಷೆ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಅಂದಾಜಿಸಿತು. ಪ್ರಮಾಣ ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಗುರುತಿಸುವುದೂ ನಮ್ಮಲ್ಲಿ ಕಷ್ಟ. ಪಶ್ಚಿಮದ ಸಾಮಾನ್ಯ ನೆನಪಿನ ಪರೀಕ್ಷೆ ಒಂದು ವಾಕ್ಯ ಬರೆಯಿರಿ ಎನ್ನುತ್ತದೆ. 2011ರ ಜನಗಣತಿಯಲ್ಲಿ ಚಾಮರಾಜನಗರ ಜಿಲ್ಲೆಯ ಸಾಕ್ಷರತೆಯೇ ಶೇ. 61ರ ಆಸುಪಾಸು, ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೆ ಆ ಪರೀಕ್ಷೆ ಅನ್ಯಾಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿರುವುದು ಇದಕ್ಕಾಗಿಯೇ ಮುಖ್ಯ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಇಟ್ಟ ಜನನ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿದವರ ಮುಪ್ಪಿನ ನೆನಪು ಮತ್ತು ಮನಸ್ಸನ್ನು ಪರೀಕ್ಷಿಸುವ ಕೆಲಸವೂ ನಡೆದಿದೆ.

ಇನ್ನು, ಎಂಬತ್ತೆಂಟರಲ್ಲಿ ಮಾತ್ರೆ ಕೊಟ್ಟು ಏನು ಸಾಧಿಸುವುದು ಎಂಬ ಪ್ರಶ್ನೆ. ಇದರಲ್ಲಿ ಸತ್ಯವಿದೆ. ಬ್ರಿಟನ್ನಿನಲ್ಲಿ 326 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸರ್ಟ್ರಲೀನ್, ಮಿರ್ಟಾಜಪೀನ್ ಎರಡೂ ಔಷಧಗಳು ಡಿಮೆನ್ಷಿಯಾ ಜೊತೆಗಿನ ಖಿನ್ನತೆಯನ್ನು ಹುಸಿಗುಳಿಗೆಗಿಂತ ಹೆಚ್ಚೇನೂ ಇಳಿಸಲಿಲ್ಲ. ಈ ವಯಸ್ಸಿನಲ್ಲಿ ಇಂಥ ಕೆಲವು ಮಾತ್ರೆಗಳು ರಕ್ತದ ಸೋಡಿಯಂ ತಗ್ಗಿಸುವ, ಬೀಳಿಸುವ ಅಪಾಯವೂ ಉಂಟು. ಆದರೆ ಚಿಕಿತ್ಸೆಯೆಂದರೆ ಮಾತ್ರೆಯಷ್ಟೇ ಅಲ್ಲ. ಜನರೊಡನೆ ಬೆರೆಯುತ್ತ, ಬುದ್ಧಿಗೆ ಕೆಲಸ ಕೊಡುತ್ತ ಮಾಡುವ ವ್ಯಾಯಾಮ, ಹಳೆಯದನ್ನು ನೆನೆಸಿ ಮಾತಾಡಿಸುವುದು, ಮೈ ನೀವುವುದು ಇವುಗಳಿಂದ ಡಿಮೆನ್ಷಿಯಾ ಇರುವವರ ಖಿನ್ನತೆಯ ಲಕ್ಷಣ ತಗ್ಗುತ್ತದೆಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2021ರ ವಿಶ್ಲೇಷಣೆ ತೋರಿಸಿತು. ನನ್ನ ದೃಷ್ಟಿಯಲ್ಲಿ ಇದು ಬಡ ಮನೆಗೂ ದಕ್ಕುವ ಔಷಧ. ಮಾದಪ್ಪನ ಪದ ಬಲ್ಲವರಿಂದ ಪದ ಹೇಳಿಸಿ. ಸಣ್ಣ ಈರುಳ್ಳಿ ಬಿಡಿಸಲು, ಅವರೆಕಾಯಿ ಸುಲಿಯಲು ಜೊತೆಗೆ ಕೂರಿಸಿಕೊಳ್ಳಿ, ತಪ್ಪಾದರೂ ಬಿಡಿ. ಅದಕ್ಕೂ ಮೊದಲು ಕಣ್ಣಿನ ಪೊರೆ, ಕಿವುಡು, ಥೈರಾಯ್ಡ್, ಬಿ12 ಕೊರತೆ ಪರೀಕ್ಷಿಸಬೇಕು; ಮರೆವಿನಂತೆ, ಮಂಕಿನಂತೆ ಕಾಣುವುದರಲ್ಲಿ ಎಷ್ಟೋ ಇವುಗಳ ಫಲ.

ರಾಜ್ಯದಲ್ಲಿ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ಏರ್ಪಾಡು ಮಾಡಲಾಯಿತು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ನೋಡಿಕೊಳ್ಳುವ ಸೊಸೆಯೇ ಕನ್ನಡದಲ್ಲಿ ಕರೆ ಮಾಡಬಹುದು. ಆದರೆ ಬಸ್ಸು ಹತ್ತಲಾಗದವರ ಬಳಿಗೆ ಹೋಗಬಲ್ಲವರು ಆಶಾ ಕಾರ್ಯಕರ್ತೆಯರು. ಬಿಪಿ, ಶುಗರ್ ಕೇಳುವಾಗಲೇ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ ಸೇರಿಸುವ ತರಬೇತಿ ಅವರಿಗೆ ಸಿಗಬೇಕು. ಪ್ರಶ್ನೆಯನ್ನು ಮಗನಿಗಲ್ಲ, ಆ ಹಿರಿಯರಿಗೇ, ಕೇಳಿಸುವಷ್ಟು ಹತ್ತಿರ ಕೂತು ಕೇಳಬೇಕು. ನೆನ್ನೆಯ ಊಟ ಮರೆತವರೂ ಮನಸ್ಸಿಗೆ ಬೇಸರವಿದೆಯೇ ಎಂಬುದಕ್ಕೆ ಉತ್ತರಿಸಬಲ್ಲರು. ಉತ್ತರಿಸುವ ಹಂತ ದಾಟಿದವರ ನಿದ್ದೆ, ಊಟ, ಅಳು, ಸಿಡುಕುಗಳನ್ನು ದಿನವೂ ಕಂಡ ಮನೆಯವರು ಹೇಳಬೇಕು.