ಕೊರಡು ಕೊನರಿದ ಮೇಲೆ

ಮುಂಗಾರಿನ ಮೊದಲ ಹದಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ, ಹಿತ್ತಿಲಲ್ಲಿ ಕಡಿದು ಹಾಕಿದ ನುಗ್ಗೆಯ ಕೊರಡು ಚಿಗುರುತ್ತದೆ. ಬೇಲಿಗೆ ಹುಗಿದ ಹಾಲುವಾಣದ ಗೂಟವೂ ಅಷ್ಟೇ. ನೋಡಲು ಎರಡೂ ಒಂದೇ. ಗೂಟ ಮಣ್ಣಿನಲ್ಲಿ ಬೇರು ಬಿಡುತ್ತಿದೆ, ಅದು ಮರವಾದೀತು. ಮಣ್ಣು ಕಾಣದ ಕೊರಡು ಮಾತ್ರ ಕೂಡಿಟ್ಟ ಗಂಟನ್ನು ಕರಗಿಸುತ್ತಿದೆ.

ತೊಗಟೆಯ ಅಡಿಯಲ್ಲಿ ವರ್ಷಗಟ್ಟಲೆ ಮಲಗಿರುವ ಮೊಗ್ಗುಗಳಿರುತ್ತವೆ. ಮರದ ತುದಿಯಿಂದ ಕೆಳಗಿಳಿಯುವ ಆಕ್ಸಿನ್ ಎಂಬ ಹಾರ್ಮೋನು ಅವುಗಳನ್ನು ಏಳಗೊಡುವುದಿಲ್ಲ. ಕೊಡಲಿ ಬಿದ್ದು ತುದಿ ಹೋಯಿತೆಂದರೆ ಆ ಹಿಡಿತ ಸಡಿಲವಾಗುತ್ತದೆ. ಮೊಗ್ಗಿನ ಊಟಕ್ಕೆ ಕಟ್ಟಿಗೆಯಲ್ಲಿರುವ ಪಿಷ್ಟ ಮತ್ತು ನೀರು ಸಾಕು. ಅದು ಮುಗಿದ ದಿನ ಎಲೆ ಬಾಡುತ್ತದೆ.

ಹಾಗಾದರೆ ಕೊರಡನ್ನು ಬಿಟ್ಟು ಚಿಗುರನ್ನೇ ಕಿತ್ತು ನೆಟ್ಟರೆ? ಅರಣ್ಯ ವಿಜ್ಞಾನಿಗಳು ಹಿಡಿದದ್ದು ಈ ದಾರಿಯನ್ನೇ.

ನೀಲಗಿರಿಯ ಕಥೆ ನೋಡಿ. ಬೆಳೆದ ಮರದ ನೆತ್ತಿಯ ಕೊಂಬೆ ನೆಟ್ಟರೆ ಬೇರು ಬರುವುದು ದುರ್ಲಭ. ಅದೇ ಮರವನ್ನು ಬುಡಕ್ಕೆ ಕಡಿದರೆ ಬೊಡ್ಡೆಯಿಂದ ಏಳುವ ಕೂಳೆ ಚಿಗುರು ಸಲೀಸಾಗಿ ಬೇರು ಬಿಡುತ್ತದೆ. ಮರದ ವಯಸ್ಸು ಎಲ್ಲ ಕಡೆ ಒಂದೇ ಅಲ್ಲ! ಬುಡದ ಭಾಗ ರೂಪುಗೊಂಡದ್ದು ಅದು ಸಸಿಯಾಗಿದ್ದಾಗ. ಆ ಎಳೆತನ ಅಲ್ಲೇ ಉಳಿದುಕೊಳ್ಳುತ್ತದೆ. ನೆತ್ತಿ ಮುದಿಯಾದರೂ ಪಾದ ಇನ್ನೂ ಕೂಸು.

ಕಡಿದ ಒಂದೂವರೆ, ಎರಡು ತಿಂಗಳಿಗೆ ಚಿಗುರು ಕತ್ತರಿಸುವ ಹದಕ್ಕೆ ಬರುತ್ತದೆ. ಪ್ರತಿ ತುಂಡಿಗೆ ಎರಡು ಎಲೆ ಉಳಿಸಿ, ಅವನ್ನೂ ಅರ್ಧಕ್ಕೆ ಕತ್ತರಿಸುತ್ತಾರೆ. ಪೂರ್ತಿ ಎಲೆ ಬಿಟ್ಟರೆ ನೀರು ಆವಿಯಾಗಿ ಹೋಗುತ್ತದೆ, ಪೂರ್ತಿ ತೆಗೆದರೆ ಅನ್ನ ಬೇಯಿಸುವವರಿಲ್ಲ. ಬುಡವನ್ನು ಬೇರು ಬರಿಸುವ ಇಂಡೋಲ್ ಬ್ಯುಟಿರಿಕ್ ಆಮ್ಲದ ಪುಡಿಯಲ್ಲಿ ಅದ್ದಿ, ವರ್ಮಿಕ್ಯುಲೈಟ್ ಎಂಬ ಹಗುರ ಖನಿಜ ತುಂಬಿದ ಕೊಳವೆಗೆ ಊರಿ, ಮಂಜಿನ ಮನೆಯಲ್ಲಿಡುತ್ತಾರೆ. ಕೆಲವು ವಾರ ಕಳೆದು ಮೆಲ್ಲಗೆ ಎತ್ತಿ ನೋಡಿದರೆ ಕತ್ತರಿಸಿದ ಬಾಯಲ್ಲಿ ತಿಳಿಬಿಳಿ ಗಂಟು, ಅದರ ಪಕ್ಕದಿಂದ ಅಕ್ಕಿಕಾಳಿನ ತುದಿಯಂತೆ ಇಣುಕುವ ಬೇರು.

ಬ್ರೆಜಿಲ್‌ನ ಅರಾಕ್ರೂಜ್ ಕಂಪನಿಯವರು 1970ರ ದಶಕದಲ್ಲಿ ಇದನ್ನೇ ಬೃಹತ್ ಪ್ರಮಾಣದಲ್ಲಿ ಮಾಡಿ ತೋರಿಸಿದರು. 1984ರಲ್ಲಿ ಅಲ್ಲಿನ ತಜ್ಞರಿಗೆ ಮಾರ್ಕಸ್ ವಾಲೆನ್‌ಬರ್ಗ್ ಪ್ರಶಸ್ತಿ ಬಂತು. ನಮ್ಮಲ್ಲಿ ಭದ್ರಾಚಲಂನ ತದ್ರೂಪಿ ನೀಲಗಿರಿಗಳು ಹುಟ್ಟಿದ್ದೂ ಹೀಗೆಯೇ. ಅಂತರ್ಜಲದ ಆತಂಕದಿಂದ 2017ರಲ್ಲಿ ಕರ್ನಾಟಕ ಸರ್ಕಾರ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅದಕ್ಕಾಗಿ ನಾನೇನೂ ಕಣ್ಣೀರಿಡುವುದಿಲ್ಲ. ತದ್ರೂಪಿಗಳ ತೋಪಿಗೆ ಇನ್ನೊಂದು ಅಪಾಯವೂ ಇದೆ: ಎಲ್ಲವೂ ಒಂದೇ ಮರ, ಒಂದಕ್ಕೆ ಅಂಟಿದ ರೋಗ ಎಲ್ಲಕ್ಕೂ ಅಂಟೀತು.

ಆದರೆ ಒಳ್ಳೆಯ ಸಾಗುವಾನಿಯನ್ನು ಚಿಗುರಿಗಾಗಿ ಬುಡಕ್ಕೇ ಕಡಿಯಲು ಯಾರಿಗೆ ಮನಸ್ಸು ಬರುತ್ತದೆ? ಅಲ್ಲಿ ಕೊರಡೇ ಕೆಲಸಕ್ಕೆ ಬರುತ್ತದೆ. ಒಂದು ಕೊಂಬೆ ಮಾತ್ರ ಕೊಯ್ದು, ಮೊಳಕೈಯುದ್ದದ ತುಂಡು ಮಾಡಿ, ಒದ್ದೆ ಮರಳಿನ ಮೇಲೆ ಇಡುತ್ತಾರೆ. ತೇವ, ಬೆಚ್ಚನೆಯ ಗಾಳಿ ಇದ್ದರೆ ತೊಗಟೆ ಸೀಳಿ ಚಿಗುರೇಳುತ್ತದೆ. ಬೊಡ್ಡೆಯ ಚಿಗುರಿನಷ್ಟು ಎಳೆಯದಲ್ಲದಿದ್ದರೂ ನೆತ್ತಿಯ ಕೊಂಬೆಗಿಂತ ವಾಸಿ. ಪಿಷ್ಟ ಖಾಲಿಯಾಗುವ ಮೊದಲೇ, ಬೆರಳುದ್ದ ಇರುವಾಗಲೇ ಅದನ್ನು ಬಿಡಿಸಿ ಬೇರಿಗೆ ಹಾಕಬೇಕು. ಕೊರಡು ಮತ್ತೊಮ್ಮೆ ಚಿಗುರಿದರೂ ಚಿಗುರೀತು. ಆಮೇಲೆ ಅದು ಒಲೆಗೆ.