ರಬ್ಬರ್ ಬಳೆಯ ಮೇಲೊಂದು ಮರಳಿನ ಕಣ

ಬೆಳಗಿನ ಜಾವ ಹಾಲು ತರಲು ಎದ್ದವನ ಬರಿಗಾಲಿಗೆ ನೆಲ ತಣ್ಣಗೆ ಹತ್ತಿತು. ದೀಪ ಹಾಕಿದೆ. ಮೀನಿನ ತೊಟ್ಟಿಯ ಸ್ಟ್ಯಾಂಡಿನ ಅಡಿಯಿಂದ ಹೊರಟ ನೀರು ರೆಡ್ ಆಕ್ಸೈಡ್ ನೆಲದ ಮೇಲೆ ಹರಿದು ಹೊಸ್ತಿಲು ಮುಟ್ಟಿತ್ತು. ಮೇಲೆ ಗಾಜಿನೊಳಗೆ ನಾಲ್ಕು ಗೋಲ್ಡ್ ಫಿಶ್, ಎಂದಿನಂತೆ ಬಾಯಿ ತೆರೆಯುತ್ತ ಮುಚ್ಚುತ್ತ.

ನಮ್ಮದು ಮೂರಡಿ ತೊಟ್ಟಿ, ಸುಮಾರು 150 ಲೀಟರ್ ಹಿಡಿಯುತ್ತದೆ. ಕೆಳಗಿನ ಕಪಾಟಿನಲ್ಲಿ ಸಣ್ಣ ಕೊಡದಷ್ಟು ದೊಡ್ಡ ಫಿಲ್ಟರ್ ಡಬ್ಬಿ. ಒಂದು ಪೈಪಿನಲ್ಲಿ ಕೊಳೆನೀರು ಇಳಿಯುತ್ತದೆ, ಇನ್ನೊಂದರಲ್ಲಿ ತಿಳಿನೀರು ಏರುತ್ತದೆ. ಆ ಡಬ್ಬಿಯ ಮೈಯಿಂದ ಸೆಕೆಂಡಿಗೊಂದರಂತೆ ಹನಿ ಬೀಳುತ್ತಿತ್ತು. 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ 4 ಲೀಟರಿಗಿಂತ ಹೆಚ್ಚಾಯಿತು.

ಕೈ ಒರೆಸಿಕೊಂಡು ಮೊದಲು ಸ್ವಿಚ್ ಆರಿಸಿದೆ. ವೈರನ್ನು ಪ್ಲಗ್ಗಿಗಿಂತ ತಗ್ಗಿನಲ್ಲಿ ಜೋತುಬೀಳುವಂತೆ ಬಿಟ್ಟಿದ್ದೆ. ಆ ಜೋತಿನ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು. ವೈರು ಬಿಗಿಯಾಗಿ ಇಳಿಜಾರಾಗಿದ್ದರೆ ಅದು ನೇರ ಪ್ಲಗ್ಗಿಗೇ ಹೋಗುತ್ತಿತ್ತು. ಈಗಲೂ ನೆನೆದರೆ ಮೈ ಜುಂ ಎನ್ನುತ್ತದೆ.

ಪಂಪು ನಿಂತಿತು, ಹನಿ ನಿಲ್ಲಲಿಲ್ಲ. ಮೇಲಿನ ತೊಟ್ಟಿಯ ನೀರು ತನ್ನ ಭಾರಕ್ಕೇ ಪೈಪಿನಲ್ಲಿ ಇಳಿದು ಡಬ್ಬಿಯನ್ನು ಒತ್ತುತ್ತಲೇ ಇರುತ್ತದೆ. ಸೋರುವ ಜಾಗ ಹುಡುಕಲು ಆ ಒತ್ತಡವೇ ಬೇಕು. ಡಬ್ಬಿಯನ್ನು ಬಟ್ಟೆಯಿಂದ ಪೂರ್ತಿ ಒರೆಸಿ, ಒಣ ಟಿಶ್ಯೂ ಕಾಗದವನ್ನು ಒಂದೊಂದೇ ಕೀಲಿಗೆ ಸುತ್ತುತ್ತ ಬಂದೆ. ಮಗಳು ಕಣ್ಣುಜ್ಜುತ್ತ ಬಂದು ಮೊಬೈಲ್ ಟಾರ್ಚ್ ಹಿಡಿದಳು. ಪೈಪಿನ ಬುಡ ಒಣಗಿತ್ತು. ವಾಲ್ವುಗಳೂ ಒಣಗಿದ್ದವು.

“ಅಪ್ಪಾ, ಇಲ್ಲಿ ನೋಡು, ಒದ್ದೆ!”

ಮುಚ್ಚಳದ ಅಂಚಿನಲ್ಲಿ, ಹಿಂಬದಿಯ ಕ್ಲಿಪ್ಪಿನ ಪಕ್ಕ, ಕಾಗದದ ಮೇಲೆ ಸಾಸಿವೆಯಷ್ಟು ಬೂದು ಚುಕ್ಕೆ ನೋಡನೋಡುತ್ತಲೇ ಹರಡಿತು.

ಎರಡೂ ವಾಲ್ವ್ ಮುಚ್ಚಿ ಮುಚ್ಚಳ ತೆಗೆದೆ. ಆದರೆ ಸೋರಿಕೆ ಸರಿಪಡಿಸುವುದಕ್ಕಿಂತ ಮುಂಚಿನ ಕೆಲಸ ಒಂದಿತ್ತು. ಡಬ್ಬಿಯೊಳಗಿನ ಪಿಂಗಾಣಿ ತುಣುಕುಗಳ ಮೈಮೇಲೆ ಬ್ಯಾಕ್ಟೀರಿಯಾಗಳ ಒಂದು ಊರೇ ಇದೆ. ಮೀನುಗಳು ಕಿವಿರಿನಿಂದ ಹೊರಬಿಡುವ ಅಮೋನಿಯಾವನ್ನು ಒಂದು ಬಗೆಯವು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಅವಕ್ಕೂ ಆಮ್ಲಜನಕ ಬೇಕು. ನೀರು ಹರಿಯದ ಮುಚ್ಚಿದ ಡಬ್ಬಿಯಲ್ಲಿ ಕೆಲವೇ ಗಂಟೆಗಳಲ್ಲಿ ಅದು ಮುಗಿಯುತ್ತದೆ. ಪಿಂಗಾಣಿಯನ್ನೆಲ್ಲ ತೊಟ್ಟಿಯದೇ ನೀರು ತುಂಬಿದ ಬಕೆಟ್ಟಿಗೆ ಸುರಿದು ಏರ್ ಪಂಪಿನ ನಳಿಕೆ ಇಳಿಬಿಟ್ಟೆ. ಹೇಗೂ ಹೊರತೆಗೆದಿದ್ದೇವಲ್ಲ ಎಂದು ನಲ್ಲಿಯ ಕೆಳಗೆ ಹಿಡಿದು ತೊಳೆಯಬಾರದು. ಕಾವೇರಿ ನೀರಿನ ಕ್ಲೋರಿನ್ನಿಗೆ ಆ ಊರು ಉಳಿಯುವುದಿಲ್ಲ.

ಇನ್ನು ಮುಚ್ಚಳಕ್ಕೂ ಡಬ್ಬಿಗೂ ನಡುವಿನ ರಬ್ಬರ್ ರಿಂಗು. ಎಳೆದು ತೆಗೆದು ಬೆಳಕಿಗೆ ಹಿಡಿದೆ. ಕಪ್ಪು ಬಳೆಯ ಮೈ ಒಂದು ಕಡೆ ತುಸು ಚಪ್ಪಟೆಯಾಗಿತ್ತು, ಅದರ ಮೇಲೊಂದು ಮರಳಿನ ಕಣ ಕಚ್ಚಿಕೊಂಡಿತ್ತು. ಕಣ್ಣಿಗಿಂತ ಮೊದಲು ಉಗುರಿಗೆ ಸಿಕ್ಕಿತು. ರಿಂಗು ಕೂರುವ ಕಾಲುವೆಯಲ್ಲಿ, ತೊಟ್ಟಿಗೆ ತುಂಬುವ ಬೋರ್‌ವೆಲ್ ನೀರಿನ ಸುಣ್ಣ ಬಿಳಿ ಹಕ್ಕಳೆ ಕಟ್ಟಿತ್ತು. ನಿಂಬೆಹೋಳಿನಿಂದ ಉಜ್ಜಿದಾಗ ಸಣ್ಣಗೆ ನೊರೆಯೆದ್ದು ಬಿಟ್ಟುಕೊಂಡಿತು. ಹಳೆಯ ಟೂತ್ ಬ್ರಷ್ ಆಡಿಸಿ ತೊಳೆದೆ. ರಿಂಗನ್ನು ಮಡಚಿ ನೋಡಿದೆ, ಬಿರುಕಿರಲಿಲ್ಲ. ಬಿರುಕಿದ್ದರೆ ಹೊಸದೇ ಗತಿ.

ಸಿಲಿಕೋನ್ ಗ್ರೀಸನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ರಿಂಗಿನ ಸುತ್ತ ಹೊಳಪು ಬರುವಷ್ಟೇ ಸವರಿದೆ. ವ್ಯಾಸಲೀನ್ ಹಚ್ಚಿದರೆ ಎಷ್ಟೋ ಬಗೆಯ ರಬ್ಬರು ಉಬ್ಬಿ ಕೆಡುತ್ತದೆ. ಹೊರಗಿನಿಂದ ಅಂಟು ಮೆತ್ತುವವರನ್ನೂ ನೋಡಿದ್ದೇನೆ. ತಿಂಗಳೊಪ್ಪತ್ತಿಗೆ ತೆರೆಯಲೇಬೇಕಾದ ಮುಚ್ಚಳಕ್ಕೆ ಅದು ತಕ್ಕ ಮದ್ದಲ್ಲ.

ಪಿಂಗಾಣಿ ಒಳಗಿಟ್ಟು ಕ್ಲಿಪ್ಪುಗಳನ್ನು ಎದುರುಬದುರು ಒತ್ತಿದೆ. ಟಕ್, ಟಕ್. ವಾಲ್ವ್ ತೆರೆದಾಗ ಪೈಪಿನಲ್ಲಿ ನೀರು ಗುಳುಗುಳು ಇಳಿಯಿತು, ಸಿಕ್ಕಿಬಿದ್ದ ಗಾಳಿ ತೊಟ್ಟಿಗೆ ಏರಿ ಗುಳ್ಳೆಯೊಡೆಯಿತು. ಮಗಳು ಹಿಂದಿನ ದಿನದ ಪೇಪರನ್ನು ಡಬ್ಬಿಯ ಅಡಿಗೆ ಹಾಸಿದಳು.

ಸಂಜೆ ಶಾಲೆಯಿಂದ ಬಂದವಳು ಬ್ಯಾಗನ್ನೂ ಇಳಿಸದೆ ಆ ಪೇಪರ್ ಎಳೆದಳು. ಅದು ಸರಸರ ಸದ್ದು ಮಾಡಿತು.