ಆರಿದ್ರೆಗೊಂದು ರಾಗಿ, ಆಶ್ಲೇಷಕ್ಕೊಂದು ರಾಗಿ

ನಾಟಿ ರಾಗಿ ಒಳ್ಳೇದೋ, ಸುಧಾರಿತ ತಳಿ ಒಳ್ಳೇದೋ ಅಂತ ಹಲವರು ಕೇಳುತ್ತಾರೆ. ಬೆದ್ದಲಿನವರು ಮೊದಲು ಕೇಳಬೇಕಾದ್ದು ಬೇರೆ: ಯಾವ ಮಳೆಗೆ ಬಿತ್ತುತ್ತೀರಿ, ತಳಿ ಎಷ್ಟು ದಿನದ್ದು? ನಾನಿದನ್ನು ನಷ್ಟ ಮಾಡಿಕೊಂಡೇ ಕಲಿತೆ.

ನಮ್ಮದು ಸಿರಾ ಸೀಮೆಯ ಕೆಂಪು ಮಣ್ಣು. ದೊಡ್ಡ ಮಳೆ ಸೆಪ್ಟೆಂಬರ್-ಅಕ್ಟೋಬರಿನದು. 2022ರಲ್ಲಿ ಆರಿದ್ರೆ ಮಳೆಗೇ ಹದ ಸಿಕ್ಕಿತು. ಬೇಗ ಕೈಗೆ ಬರಲಿ ಅಂತ 95 ದಿನದ ತಳಿ ಬಿತ್ತಿದೆ. ಪೈರು ಚೆನ್ನಾಗೇ ಬಂತು. ಆದರೆ ಹಸ್ತ ಮಳೆ ಹಿಡಿಯುವ ಹೊತ್ತಿಗೆ ತೆನೆ ಮಾಗಿ ನಿಂತಿತ್ತು. ಕುಯ್ಯಲು ಮಳೆ ಬಿಡುವೇ ಕೊಡಲಿಲ್ಲ. ತೆನೆಯಲ್ಲೇ ಮೊಳಕೆ ಬಂತು, ಹುಲ್ಲು ಕೊಳೆಯಿತು. ಬೇಸಿಗೆಗೆ ಎತ್ತುಗಳಿಗೆ ಹುಲ್ಲು ಕೊಂಡು ಹಾಕಿದೆ.

ತಪ್ಪು ಬೀಜದ್ದಲ್ಲ, ನನ್ನದು. ಹಿರಿಯರು ಆರಿದ್ರೆ, ಪುನರ್ವಸುವಿಗೆ ಬಿತ್ತುತ್ತಿದ್ದ ನಾಟಿ ರಾಗಿ ನಾಲ್ಕು ತಿಂಗಳದು. ನಡುವೆ ಮಳೆ ಕೈಕೊಟ್ಟರೂ ಮುಂದಿನ ಮಳೆಗೆ ತೆಂಡೆ ಒಡೆಯಲು ಅದಕ್ಕೆ ಸಮಯ ಇರುತ್ತದೆ. ದೊಡ್ಡ ಮಳೆಯಲ್ಲಿ ಕಾಳು ಕಟ್ಟಿ, ಸ್ವಾತಿ ಕಳೆದ ಮೇಲೆ ಕುಯ್ಲಿಗೆ ಬರುತ್ತದೆ. ಹುಲ್ಲೂ ಹೆಚ್ಚು.

ಹಾಗಂತ ಹೊಸ ತಳಿ ಬೇಡ ಅನ್ನುವವನಲ್ಲ ನಾನು. ಮಂಡ್ಯದಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು, ಇಳುವರಿ ಏರಿತು. ಆಮೇಲೆ ಬಂದ ಜಿಪಿಯು-28 ಇಲುಕು ರೋಗ ತಡೆಯುತ್ತದೆ. ನಾಟಿಗೆ ಆ ರೋಗ ಬಂದರೆ ತೆನೆಯೆಲ್ಲ ಜೊಳ್ಳು. ಇನ್ನು ಮಳೆ ಆಗಸ್ಟಿಗೆ ಹೋದರೆ ನಾಟಿ ಕಾಳು ಕಟ್ಟುವಾಗ ನೆಲದ ತೇವ ಆರಿರುತ್ತದೆ. ಆಗ ಅಲ್ಪಾವಧಿ ತಳಿಯೇ ಗತಿ.

ಈಗ ನನ್ನ ಲೆಕ್ಕ ಇಷ್ಟು:

1. ಆರಿದ್ರೆ, ಪುನರ್ವಸು – ನಾಟಿ ರಾಗಿ, ಸುಮಾರು 120 ದಿನ. ಅಕ್ಕಡಿ ಸಾಲಿಗೆ ಅವರೆ, ತೊಗರಿ.

2. ಜುಲೈ ಕೊನೆವರೆಗೆ – ಜಿಪಿಯು-28, 110-115 ದಿನ.

3. ಆಶ್ಲೇಷ – ಜಿಪಿಯು-48, 95-100 ದಿನ.

ಒಂದು ಮಾತು. ಸುಧಾರಿತ ರಾಗಿಯನ್ನು ಹಳ್ಳಿಯಲ್ಲಿ ‘ಹೈಬ್ರೀಡು’ ಅಂತಾರೆ, ಅದು ಸರಿಯಲ್ಲ. ರಾಗಿ ಹೆಚ್ಚಾಗಿ ತನ್ನ ಹೂವಿನ ಪರಾಗದಿಂದಲೇ ಕಾಳು ಕಟ್ಟುತ್ತದೆ. ರೋಗವಿಲ್ಲದ ಒಳ್ಳೇ ತೆನೆ ಆರಿಸಿ, ಕಣದಲ್ಲಿ ಬೆರಕೆಯಾಗದಂತೆ ಬೇರೆ ಬಡಿದಿಟ್ಟರೆ ಮುಂದಿನ ವರ್ಷಕ್ಕೆ ಅದೇ ಬೀಜ.

ನಾಟಿ ಬೀಜ ನಮ್ಮ ಮನೆಯಲ್ಲಿ ಮುಗಿದೇ ಹೋಗಿತ್ತು. ಪಕ್ಕದೂರಿನ ಅಜ್ಜಿಯೊಬ್ಬರು ಮಡಕೆಯಲ್ಲಿಟ್ಟಿದ್ದ ಎರಡು ಸೇರು ಕೊಟ್ಟರು. ಈಗ ಯಾರು ಕೇಳಿದರೂ ನಾನೂ ಎರಡು ಸೇರು ಕೊಡುತ್ತೇನೆ. ದುಡ್ಡು ಬೇಡ, ಬೆಳೆದು ಇನ್ನೊಬ್ಬರಿಗೆ ಕೊಟ್ಟರೆ ಸಾಕು.